ನೀರು, ಮರ, ಪ್ರಾಣಿ ಒಂದೇ ಫ್ರೇಮ್‌ನಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಳೆ ಹರಿಯುತ್ತಿರುತ್ತದೆ, ಎಲೆ ಅಲುಗುತ್ತಿರುತ್ತದೆ, ದಡದಲ್ಲಿ ನಿಂತ ಕೊಕ್ಕರೆ ಯಾವ ಗಳಿಗೆಯಲ್ಲಾದರೂ ಹಾರಬಹುದು. ನೀರು ನಿಧಾನ ಶಟರ್ ಕೇಳುತ್ತದೆ, ಎಲೆ ಮಧ್ಯಮ ವೇಗ ಕೇಳುತ್ತದೆ, ಹಕ್ಕಿಗೆ ಚುರುಕಾದದ್ದೇ ಬೇಕು. ಇವುಗಳಲ್ಲಿ ಈ ಫೋಟೋದ ಯಜಮಾನ ಯಾರು ಎಂದು ಮೊದಲು ತೀರ್ಮಾನಿಸಿದರೆ ಉಳಿದ ಸೆಟ್ಟಿಂಗ್‌ಗಳು ಅದರ ಹಿಂದೆಯೇ ಬರುತ್ತವೆ. ಕೆಳಗಿನ ಬಹುಪಾಲು ಉತ್ತರಗಳು ಸುತ್ತಿ ಬಳಸಿ ಇದೇ ತೀರ್ಮಾನಕ್ಕೆ ಮರಳುತ್ತವೆ.

ಹರಿಯುವ ನೀರಿಗೆ ಶಟರ್ ವೇಗ ಎಷ್ಟಿಡಬೇಕು?

ಬಂಡೆಗೆ ಬಡಿದು ಸಿಡಿಯುವ ಹನಿಗಳು ಒಂದೊಂದಾಗಿ ಕಾಣಬೇಕಾದರೆ 1/1000 ಸೆಕೆಂಡ್ ಅಥವಾ ಅದಕ್ಕಿಂತ ಚುರುಕು. ನೀರು ಎಳೆ ಎಳೆಯಾಗಿ, ಹರಿವಿನ ದಿಕ್ಕು ಗೊತ್ತಾಗುವಂತೆ ಕಾಣಬೇಕಾದರೆ 1/8ರಿಂದ 1 ಸೆಕೆಂಡ್. 4 ಸೆಕೆಂಡ್ ದಾಟಿದರೆ ಜಲಪಾತ ಹತ್ತಿ ಹರವಿದಂತೆ ಬೆಳ್ಳಗಾಗುತ್ತದೆ, ಒಳಗಿನ ವಿವರ ಅಳಿಸಿಹೋಗುತ್ತದೆ. ಕೆರೆಯ ಸಣ್ಣ ಅಲೆಗಳನ್ನು ಪೂರ್ತಿ ಸವರಿ ನಯ ಮಾಡಲು 30 ಸೆಕೆಂಡ್ ಬೇಕಾಗುತ್ತದೆ.

ತಪ್ಪಿಸಬೇಕಾದ ವೇಗ 1/60ರಿಂದ 1/125ರ ನಡುವಿನದು. ಅಲ್ಲಿ ನೀರು ನಿಂತಂತೆಯೂ ಇಲ್ಲ, ಹರಿದಂತೆಯೂ ಇಲ್ಲ. ನೋಡಿದವರಿಗೆ ಕೈ ನಡುಗಿದ ಫೋಟೋ ಅನ್ನಿಸುತ್ತದೆ. ನಮ್ಮ ಒಲವು 1/4 ಮತ್ತು 1/2ರ ಕಡೆಗೆ. ನೀರಿನ ಭಾರ ಉಳಿದುಕೊಳ್ಳುವುದು ಅಲ್ಲೇ.

ಈ ಅಂಕಿಗಳನ್ನು ಕಣ್ಣುಮುಚ್ಚಿ ಪಾಲಿಸಬೇಡಿ. ಅದೇ ತೊರೆಯನ್ನು ದೂರದಿಂದ ವೈಡ್ ಲೆನ್ಸ್‌ನಲ್ಲಿ ತೆಗೆದರೆ 1/4 ಸೆಕೆಂಡಿನಲ್ಲಿ ನೀರು ಸೆನ್ಸರ್ ಮೇಲೆ ಕಡಿಮೆ ದೂರ ಸಾಗುತ್ತದೆ. 200 ಎಂಎಂನಲ್ಲಿ ಒಂದೇ ಕವಲನ್ನು ತುಂಬಿಸಿಕೊಂಡರೆ ಅಷ್ಟೇ ಹೊತ್ತಿನಲ್ಲಿ ಪೂರ್ತಿ ಕಲಸಿಹೋಗುತ್ತದೆ. ಫ್ರೇಮ್‌ಗೆ ಅಡ್ಡಲಾಗಿ ಹರಿಯುವ ನೀರು ಎದುರಿನಿಂದ ಬರುವ ನೀರಿಗಿಂತ ಬೇಗ ಮಸುಕಾಗುತ್ತದೆ. ಅದಕ್ಕೇ ಒಂದೇ ಜಾಗದಲ್ಲಿ 1/8, 1/4, 1/2, 1, 2 ಎಂದು ಐದು ಫೋಟೋ ತೆಗೆದು ಹೋಲಿಸುವುದು ಒಳ್ಳೆಯದು.

ನೊರೆ ಸುತ್ತುವ ವೃತ್ತಗಳನ್ನು ಹೇಗೆ ತೆಗೆಯುವುದು?

ಜಲಪಾತದ ಕೆಳಗೆ ಮುಖ್ಯ ಹರಿವಿನಿಂದ ಪಕ್ಕಕ್ಕೆ ಸರಿದ ಮಡುವಿನ ಮೂಲೆ ನೋಡಿ. ಅಲ್ಲಿ ನೊರೆಯ ಚೂರುಗಳು, ಒಂದೆರಡು ಒಣಗಿದ ಎಲೆಗಳು ನಿಧಾನವಾಗಿ ಸುತ್ತುತ್ತಿರುತ್ತವೆ. ಬರಿಗಣ್ಣಿಗೆ ವೃತ್ತ ಕಾಣುವುದಿಲ್ಲ, ಚದುರಿದ ನೊರೆ ಮಾತ್ರ ಕಾಣುತ್ತದೆ. ಒಂದು ಎಲೆಯ ಮೇಲೆ ಕಣ್ಣಿಟ್ಟು ಅದು ಒಂದು ಸುತ್ತು ಮುಗಿಸಲು ಎಷ್ಟು ಸೆಕೆಂಡ್ ಹಿಡಿಯುತ್ತದೆ ಎಂದು ಎಣಿಸಿ. 20 ಸೆಕೆಂಡ್ ಆದರೆ, 5 ಸೆಕೆಂಡಿನ ಎಕ್ಸ್‌ಪೋಷರ್‌ನಲ್ಲಿ ಪ್ರತಿ ನೊರೆಯೂ ಕಾಲು ವೃತ್ತ ಬರೆಯುತ್ತದೆ; 20 ಸೆಕೆಂಡಿಗೆ ಪೂರ್ತಿ ಬಳೆ ಮೂಡುತ್ತದೆ. ನೊರೆ ತೀರ ದಟ್ಟವಾಗಿದ್ದರೆ ಗೆರೆಗಳು ಒಂದರ ಮೇಲೊಂದು ಬಿದ್ದು ಬರಿ ಬಿಳಿ ತಟ್ಟೆ ಉಳಿಯುತ್ತದೆ, ಆಗ ಸಮಯ ಇಳಿಸಿ. ಎತ್ತರದಿಂದ ಕೆಳಗೆ ನೋಡುವಂತೆ ನಿಂತರೆ ವೃತ್ತ ದುಂಡಗೆ ಬರುತ್ತದೆ. ನೀರಿನ ಮಟ್ಟಕ್ಕೆ ಕೂತರೆ ಚಪ್ಪಟೆ ಗೆರೆಯಾಗುತ್ತದೆ.

ಯಾವ ಎನ್‌ಡಿ ಫಿಲ್ಟರ್ ಕೊಳ್ಳಬೇಕು? ಲೆಕ್ಕ ಹೇಗೆ?

ಎನ್‌ಡಿ ಫಿಲ್ಟರ್ ಅಂದರೆ ಕ್ಯಾಮೆರಾಗೆ ಹಾಕುವ ಕಪ್ಪು ಕನ್ನಡಕ. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧವಾಗುವುದು ಅಥವಾ ಇಮ್ಮಡಿಯಾಗುವುದು. 3 ಸ್ಟಾಪ್‌ನದು ಸಮಯವನ್ನು 8 ಪಟ್ಟು, 6 ಸ್ಟಾಪ್‌ನದು 64 ಪಟ್ಟು, 10 ಸ್ಟಾಪ್‌ನದು ಸುಮಾರು 1000 ಪಟ್ಟು ಹಿಗ್ಗಿಸುತ್ತದೆ. ಫಿಲ್ಟರ್ ಇಲ್ಲದೆ 1/30 ಬಂದರೆ, 6 ಸ್ಟಾಪ್ ಹಾಕಿದಾಗ ಸುಮಾರು 2 ಸೆಕೆಂಡ್, 10 ಸ್ಟಾಪ್ ಹಾಕಿದಾಗ ಸುಮಾರು 34 ಸೆಕೆಂಡ್.

ಎನ್‌ಡಿಗಳಲ್ಲಿ ಒಂದೇ ಒಂದು ಕೊಳ್ಳುವುದಾದರೆ 6 ಸ್ಟಾಪ್‌ನದನ್ನು ತೆಗೆದುಕೊಳ್ಳಿ. ಕಾಡಿನ ನೆರಳಲ್ಲಿ ಹರಿಯುವ ತೊರೆಗೆ ಹಲವು ಸಲ ಎನ್‌ಡಿ ಬೇಕಾಗುವುದೇ ಇಲ್ಲ: ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸ್ಪಂದನೆ) 100, ಅಪರ್ಚರ್ (ಲೆನ್ಸ್ ಕಿಂಡಿಯ ಅಳತೆ; ಅಂಕಿ ಹೆಚ್ಚಾದಷ್ಟೂ ಕಿರಿದು) ಎಫ್/11ರಲ್ಲಿ ಮೋಡದ ದಿನ 1/8 ಬಂದಿರುತ್ತದೆ, ಅದಕ್ಕೆ ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಸೇರಿದರೆ 1/3 ಆಗುತ್ತದೆ. ಅಷ್ಟು ಸಾಕು.

10 ಸ್ಟಾಪ್ ಹಾಕಿದ ಮೇಲೆ ವ್ಯೂಫೈಂಡರ್‌ನಲ್ಲಿ ಬಹುತೇಕ ಏನೂ ಕಾಣದಿರಬಹುದು, ಆಟೋಫೋಕಸ್ ತಡಕಾಡಬಹುದು. ಆದ್ದರಿಂದ ಮೊದಲು ಫ್ರೇಮ್ ಕಟ್ಟಿ, ಫೋಕಸ್ ಮಾಡಿ, ಮ್ಯಾನ್ಯುಯಲ್‌ಗೆ ತಿರುಗಿಸಿ, ಆಮೇಲೆ ಫಿಲ್ಟರ್ ಹಾಕಿ. ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಆದರೆ ಕಣ್ಣಿಡುವ ಕಿಂಡಿಯನ್ನು ಮುಚ್ಚಿ. ಅಲ್ಲಿಂದ ನುಗ್ಗುವ ಬೆಳಕು ಚಿತ್ರದ ನಡುವೆ ಮಸುಕು ಪಟ್ಟೆಯಾಗಿ ಬೀಳಬಹುದು. ತಿರುಗಿಸಿ ಗಾಢತೆ ಬದಲಿಸುವ ವೇರಿಯಬಲ್ ಎನ್‌ಡಿಯನ್ನು ವೈಡ್ ಲೆನ್ಸ್‌ನಲ್ಲಿ ಕೊನೆತನಕ ತಿರುಗಿಸಿದರೆ ಫ್ರೇಮ್ ಮೇಲೆ ಅಡ್ಡಕತ್ತರಿಯಂಥ ಕಪ್ಪು ನೆರಳು ಬರುತ್ತದೆ. ಅದು ಫಿಲ್ಟರ್ ಕೆಟ್ಟಿದ್ದರಿಂದ ಅಲ್ಲ, ಒಳಗಿನ ಎರಡು ಪೋಲರೈಸರ್‌ಗಳು ಒಂದಕ್ಕೊಂದು ಅಡ್ಡ ನಿಂತಿದ್ದರಿಂದ.

ಪೋಲರೈಸರ್ ನಿಜಕ್ಕೂ ಅಗತ್ಯವೇ? ಎಡಿಟಿಂಗ್‌ನಲ್ಲಿ ಅದನ್ನೇ ಮಾಡಲಾಗದೇ?

ಆಗುವುದಿಲ್ಲ. ಒದ್ದೆ ಬಂಡೆ, ಒದ್ದೆ ಎಲೆ, ನೀರಿನ ಮೇಲ್ಮೈ ಇವುಗಳ ಮೇಲಿನ ಬಿಳಿ ಹೊಳಪು ಕೆಳಗಿನ ಬಣ್ಣವನ್ನು ಮುಚ್ಚಿಬಿಟ್ಟಿರುತ್ತದೆ. ಸೆನ್ಸರ್‌ಗೆ ತಲುಪದ ಬಣ್ಣವನ್ನು ಯಾವ ಸಾಫ್ಟ್‌ವೇರ್ ತಾನೆ ವಾಪಸ್ ತಂದೀತು? ಭೂದೃಶ್ಯಕ್ಕೆ ಒಂದೇ ಫಿಲ್ಟರ್ ಇಟ್ಟುಕೊಳ್ಳಿ ಎಂದರೆ ನಾವು ಹೇಳುವುದು ಇದನ್ನೇ.

ಸ್ಕಾಟ್ಲೆಂಡಿನ ವಿಜ್ಞಾನಿ ಡೇವಿಡ್ ಬ್ರೂಸ್ಟರ್ 1815ರಲ್ಲಿ ತೋರಿಸಿಕೊಟ್ಟಂತೆ, ಒಂದು ನಿರ್ದಿಷ್ಟ ಕೋನದಲ್ಲಿ ಪ್ರತಿಫಲಿಸುವ ಬೆಳಕು ಪೂರ್ತಿ ಧ್ರುವೀಕರಣಗೊಂಡಿರುತ್ತದೆ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುತ್ತಿರುತ್ತದೆ; ಅದನ್ನು ಪೋಲರೈಸರ್ ತಡೆಯಬಲ್ಲದು. ನೀರಿಗೆ ಆ ಕೋನ ಮೇಲ್ಮೈಯಿಂದ ಸುಮಾರು 37 ಡಿಗ್ರಿ. ಅಂದರೆ ನೀರನ್ನು ಅಷ್ಟು ಓರೆಯಲ್ಲಿ ನೋಡುವಾಗ ಫಿಲ್ಟರ್ ಅತಿ ಹೆಚ್ಚು ಕೆಲಸ ಮಾಡುತ್ತದೆ. ನೇರ ಕೆಳಗೆ ನೋಡಿದರೆ ತಿರುಗಿಸಿ ಪ್ರಯೋಜನವಿಲ್ಲ.

ಆಕಾಶಕ್ಕೆ ಲೆಕ್ಕ ಬೇರೆ. ತೋರುಬೆರಳನ್ನು ಸೂರ್ಯನ ಕಡೆ ಚಾಚಿ, ಹೆಬ್ಬೆರಳನ್ನು ಅದಕ್ಕೆ ನೇರಕೋನದಲ್ಲಿ ಎತ್ತಿ ಕೈ ತಿರುಗಿಸಿ. ಹೆಬ್ಬೆರಳು ತೋರುವ ಆಕಾಶದ ಪಟ್ಟಿಯೇ ಗಾಢ ನೀಲಿಯಾಗುವುದು. 24 ಎಂಎಂಗಿಂತ ಅಗಲದ ಲೆನ್ಸ್‌ನಲ್ಲಿ ಆ ಪಟ್ಟಿ ಮಾತ್ರ ಕಪ್ಪಾಗಿ, ಎರಡು ಬದಿ ತಿಳಿಯಾಗಿ ಆಕಾಶಕ್ಕೆ ಬರೆ ಎಳೆದಂತಾಗುತ್ತದೆ. ಆಗ ಆಕಾಶ ಬಿಟ್ಟು ಫ್ರೇಮ್ ಮಾಡಿ, ಇಲ್ಲವೇ ಫಿಲ್ಟರ್ ಅರ್ಧ ಮಾತ್ರ ತಿರುಗಿಸಿ.

ಪೋಲರೈಸರ್ ಒಂದರಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ. ಪ್ರಾಣಿ ಬಂದ ತಕ್ಷಣ ಬಿಚ್ಚಿಡಿ. ಮುಂಜಾವಿನ ಮಬ್ಬಿನಲ್ಲಿ ಮಿಂಚುಳ್ಳಿಗಾಗಿ ಕಾಯುವಾಗ ಮರೆತು ಹಾಗೇ ಬಿಟ್ಟ ಪೋಲರೈಸರ್ ಐಎಸ್‌ಒ 1600ನ್ನು 6400ಕ್ಕೆ ಏರಿಸಿಬಿಡುತ್ತದೆ.

ನೀರಿನಲ್ಲಿ ಮರದ ಬಿಂಬ ಸರಿಯಾಗಿ ಬರುವುದಿಲ್ಲ. ಏಕೆ?

ಸಾಮಾನ್ಯವಾಗಿ ಮೂರು ಕಾರಣ.

ಮೊದಲನೆಯದು ಕ್ಯಾಮೆರಾದ ಎತ್ತರ. ನೇರ ಕೆಳಗೆ ನೋಡಿದರೆ ನೀರು ಬಿದ್ದ ಬೆಳಕಿನಲ್ಲಿ ಸುಮಾರು ಶೇ 2ರಷ್ಟನ್ನು ಮಾತ್ರ ಹಿಂದಿರುಗಿಸುತ್ತದೆ. ದೃಷ್ಟಿ ಓರೆಯಾದಷ್ಟೂ ನೀರು ಕನ್ನಡಿಯಾಗುತ್ತ ಹೋಗುತ್ತದೆ. ಬಿಂಬ ಬೇಕಾದರೆ ಕೂತುಕೊಳ್ಳಿ, ತಳದ ಕಲ್ಲು ಕಾಣಬೇಕಾದರೆ ಎದ್ದು ನಿಲ್ಲಿ. ಇನ್ನೊಂದು ಸೂಕ್ಷ್ಮವೂ ಇದೆ. ಬಿಂಬವು ನಿಜದ ದೃಶ್ಯದ ತಲೆಕೆಳಗಾದ ನಕಲಲ್ಲ. ನೀವು ಎಷ್ಟು ಎತ್ತರದಲ್ಲಿದ್ದೀರೋ ನೀರಿನಿಂದ ಅಷ್ಟೇ ಕೆಳಗಿದ್ದು ನೋಡಿದರೆ ಕಾಣುವ ನೋಟ ಅದು. ಹಾಗಾಗಿ ಎತ್ತರದಲ್ಲಿ ನಿಂತರೆ ಆಚೆ ದಡದ ಪೊದೆಯ ಬಿಂಬ ಹಿಂದಿನ ಮರದ ಬಿಂಬವನ್ನು ನುಂಗುತ್ತದೆ. ಮೊಣಕಾಲೂರಿದರೆ ಮರ ಪೂರ್ತಿ ಇಳಿಯುತ್ತದೆ.

ಎರಡನೆಯದು ಫೋಕಸ್. ಬಿಂಬ ಇರುವುದು ನೀರಿನ ಮೇಲ್ಮೈಯಲ್ಲಿ ಅನ್ನಿಸುತ್ತದೆ, ಆದರೆ ಲೆನ್ಸ್‌ಗೆ ಅದು ಮರದಷ್ಟೇ ದೂರ. ಮುಂದೆ ತೇಲುವ ಹಳದಿ ಎಲೆಯ ಮೇಲೆ ಆಟೋಫೋಕಸ್ ಕೂತರೆ ಎಲೆಯ ನರ ಕೂಡ ಎಣಿಸಬಹುದು, ಪಕ್ಕದ ಬಿಂಬ ಮಾತ್ರ ಮಸುಕು. ಎರಡೂ ಬೇಕಾದರೆ ಅಪರ್ಚರ್ ಎಫ್/11ಕ್ಕೆ ಇಳಿಸಿ, ಇಲ್ಲದಿದ್ದರೆ ಎರಡು ಫೋಕಸ್‌ನಲ್ಲಿ ಎರಡು ಫೋಟೋ ತೆಗೆದು ಸೇರಿಸಿ.

ಮೂರನೆಯದು ಗಾಳಿ. ಇದಕ್ಕೆ ಬೇಗ ಏಳುವುದೇ ಉಪಾಯ. ಸೂರ್ಯ ನೆಲ ಕಾಯಿಸುವ ಮೊದಲು ಗಾಳಿ ಹೆಚ್ಚಾಗಿ ನಿಂತಿರುತ್ತದೆ. ದೊಡ್ಡ ಕೆರೆಗಿಂತ ದಡದ ಮರೆಯ ಸಣ್ಣ ಹೊಂಡ ಬೇಗ ತಿಳಿಯಾಗುತ್ತದೆ.

ಬಿಂಬ ಸಾಮಾನ್ಯವಾಗಿ ನಿಜದ ದೃಶ್ಯಕ್ಕಿಂತ ಒಂದೆರಡು ಸ್ಟಾಪ್ ಕಪ್ಪಗಿರುತ್ತದೆ. ಗ್ರಾಜುಯೇಟೆಡ್ ಫಿಲ್ಟರ್ (ಅರ್ಧ ಭಾಗ ಮಾತ್ರ ಕಪ್ಪಾದದ್ದು) ಹಾಕಿಯೋ ಎಡಿಟಿಂಗ್‌ನಲ್ಲೋ ಆಕಾಶವನ್ನು ಬಿಂಬಕ್ಕಿಂತ ಕಪ್ಪು ಮಾಡಿದರೆ, ಏನು ತಪ್ಪಾಗಿದೆ ಎಂದು ಹೇಳಲಾಗದಿದ್ದರೂ ನೋಡುವವರ ಕಣ್ಣು ಒಪ್ಪುವುದಿಲ್ಲ.

ಜಲಪಾತದ ಬಿಳಿ ಭಾಗ ಯಾವಾಗಲೂ ಸುಟ್ಟುಹೋಗುತ್ತದೆ.

ಕಪ್ಪು ಬಂಡೆ, ಕಡು ಹಸಿರು ಎಲ್ಲ ಸೇರಿ ಮೀಟರ್‌ಗೆ ದೃಶ್ಯ ಕತ್ತಲೆಯಾಗಿ ಕಾಣುತ್ತದೆ, ಅದು ಬೆಳಕು ಹೆಚ್ಚಿಸುತ್ತದೆ, ನೊರೆ ಬಲಿಯಾಗುತ್ತದೆ. ಎಕ್ಸ್‌ಪೋಷರ್ ಕಾಂಪನ್ಸೇಷನ್ (ಮೀಟರ್ ಲೆಕ್ಕವನ್ನು ತಿದ್ದುವ ಸೆಟ್ಟಿಂಗ್) -0.7ರಿಂದ -1ಕ್ಕೆ ಇಳಿಸಿ, ರಾ ಫಾರ್ಮ್ಯಾಟ್‌ನಲ್ಲಿ (ಸೆನ್ಸರ್ ಮಾಹಿತಿ ಹಾಗೇ ಉಳಿಯುವ ಫೈಲ್) ತೆಗೆದು, ಹಿಸ್ಟೋಗ್ರಾಮ್‌ನ (ಬೆಳಕಿನ ಹಂಚಿಕೆಯ ನಕ್ಷೆ) ಬಲ ತುದಿ, ಅಂದರೆ ಅತಿ ಬೆಳಕಿನ ಭಾಗ ನೋಡಿ. ಪರದೆಯ ಚಿತ್ರ ನಂಬಬೇಡಿ; ಕತ್ತಲಲ್ಲಿ ಅದು ಬೆಳ್ಳಗೆ, ಬಿಸಿಲಲ್ಲಿ ಕಪ್ಪಗೆ ಕಾಣುತ್ತದೆ. ನೆರಳಿನ ವಿವರವನ್ನು ಆಮೇಲೆ ಎತ್ತಬಹುದು, ಸುಟ್ಟ ನೊರೆಯಲ್ಲಿ ಎತ್ತಲು ಏನೂ ಉಳಿದಿರುವುದಿಲ್ಲ. ನೀರಿನ ಅರ್ಧಕ್ಕೆ ಬಿಸಿಲು, ಅರ್ಧಕ್ಕೆ ನೆರಳು ಬಿದ್ದಿದ್ದರೆ ಮೋಡ ಬರುವವರೆಗೆ ಕಾಯುವುದೇ ಸರಿ.

ಮುಂದಿನ ಕಲ್ಲಿನಿಂದ ದೂರದ ಬೆಟ್ಟದವರೆಗೆ ಎಲ್ಲವೂ ಸ್ಪಷ್ಟವಾಗಿ ಬರಲು ಎಫ್/22 ಇಡಬಹುದೇ?

ಬೇಡ. ಅಪರ್ಚರ್ ಕಿರಿದಾದಷ್ಟೂ ಬೆಳಕು ಅಂಚಿನಲ್ಲಿ ಬಾಗಿ ಹರಡುತ್ತದೆ, ಇದೇ ಡಿಫ್ರಾಕ್ಷನ್. ಎಫ್/16ರಲ್ಲಿ ಒಂದು ಬೆಳಕಿನ ಚುಕ್ಕೆ ಸೆನ್ಸರ್ ಮೇಲೆ ಸುಮಾರು 21 ಮೈಕ್ರಾನ್ ಅಗಲಕ್ಕೆ ಹರಡುತ್ತದೆ. 24 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ (35 ಎಂಎಂ ಫಿಲ್ಮ್‌ನಷ್ಟು ದೊಡ್ಡ) ಸೆನ್ಸರ್‌ನ ಒಂದು ಪಿಕ್ಸೆಲ್ ಸುಮಾರು 6 ಮೈಕ್ರಾನ್ ಅಷ್ಟೇ. ಎಫ್/22ರಲ್ಲಿ ಇಡೀ ಚಿತ್ರಕ್ಕೇ ತೆಳು ಪೊರೆ ಬಂದಂತಾಗುತ್ತದೆ. ಅಮೆರಿಕದ ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮುಂತಾದವರು 1932ರಲ್ಲಿ ಕಟ್ಟಿದ ಗುಂಪಿಗೆ ಎಫ್/64 ಎಂದೇ ಹೆಸರಿಟ್ಟರಲ್ಲ ಎಂದು ಕೇಳುವವರಿದ್ದಾರೆ. ಅವರ ಕೈಯಲ್ಲಿದ್ದದ್ದು ದೊಡ್ಡ ಹಾಳೆಯಂಥ ಫಿಲ್ಮ್‌ನ ಕ್ಯಾಮೆರಾ. ಅದನ್ನು ಸಣ್ಣ ಸೆನ್ಸರ್‌ನಂತೆ ಹಿಗ್ಗಿಸಬೇಕಾಗಿರಲಿಲ್ಲ.

ಫುಲ್‌ಫ್ರೇಮ್‌ಗೆ ಎಫ್/11, ಅದಕ್ಕಿಂತ ಚಿಕ್ಕ ಎಪಿಎಸ್-ಸಿ ಸೆನ್ಸರ್‌ಗೆ ಎಫ್/8 ಇಟ್ಟು, ಫೋಕಸ್ ಬಿಂದುವನ್ನು ಸರಿಯಾಗಿ ಆರಿಸಿ. 24 ಎಂಎಂ, ಎಫ್/11ರಲ್ಲಿ ಸುಮಾರು 1.8 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ 0.9 ಮೀಟರ್‌ನಿಂದ ಅನಂತದವರೆಗೆ ಸ್ಪಷ್ಟವಾಗಿರುತ್ತದೆ. ಎಪಿಎಸ್-ಸಿಯಲ್ಲಿ 16 ಎಂಎಂ, ಎಫ್/8ಕ್ಕೆ 1.6 ಮೀಟರ್, ಹತ್ತಿರದ ಮಿತಿ 0.8 ಮೀಟರ್. ದೊಡ್ಡ ಪ್ರಿಂಟ್ ಹಾಕಿಸುವುದಿದ್ದರೆ ಲೆಕ್ಕಕ್ಕಿಂತ ಸ್ವಲ್ಪ ದೂರಕ್ಕೇ ಫೋಕಸ್ ಮಾಡಿ. ಈ ಸೂತ್ರ ದೂರದ ಬೆಟ್ಟವನ್ನು ಒಪ್ಪುವಷ್ಟು ಮಾತ್ರ ಸ್ಪಷ್ಟ ಇಡುತ್ತದೆ.

ಕಾಡಿನೊಳಗೆ ಕಣ್ಣಿಗೆ ಚೆಂದ ಕಂಡದ್ದು ಫೋಟೋದಲ್ಲಿ ಗೋಜಲಾಗುತ್ತದೆ. ಏನು ಮಾಡುವುದು?

ಎರಡು ಕಣ್ಣಿರುವುದರಿಂದ ನಮಗೆ ಆಳ ಗೊತ್ತಾಗುತ್ತದೆ, ಹತ್ತಿರದ ಕಾಂಡ ಹಿಂದಿನದರಿಂದ ಬೇರೆಯಾಗಿ ನಿಲ್ಲುತ್ತದೆ. ಕ್ಯಾಮೆರಾಗೆ ಒಂದೇ ಕಣ್ಣು. ಎಲ್ಲ ಕೊಂಬೆಗಳೂ ಒಂದೇ ಗೋಡೆಗೆ ಅಂಟಿಕೊಳ್ಳುತ್ತವೆ. ಅದಕ್ಕೇ ಕಾಡಿನಲ್ಲಿ ಫೋಟೋ ತೆಗೆಯುವ ಮೊದಲು ಒಂದು ಕಣ್ಣು ಮುಚ್ಚಿ ನೋಡಿ. ಗೋಜಲು ಆಗಲೇ ಗೊತ್ತಾಗುತ್ತದೆ.

ಆಮೇಲಿನ ಕೆಲಸ ಕಾಲಿನದು. ಎರಡು ಕಾಂಡಗಳು ಒಂದರ ಮೇಲೊಂದು ಬಿದ್ದಿದ್ದರೆ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯಿರಿ, ನಡುವೆ ಬೆಳಕಿನ ಸಂದು ತೆರೆದುಕೊಳ್ಳುತ್ತದೆ. ಸಂದು ಕೂದಲೆಳೆಯಷ್ಟಿದ್ದರೂ ಮರಗಳು ಬೇರೆಯಾಗುತ್ತವೆ. ವೈಡ್ ಲೆನ್ಸ್ ಒಳಗಿಟ್ಟು 70ರಿಂದ 200 ಎಂಎಂ ತೆಗೆಯಿರಿ. ಕಾಡು ಬಿಡಿಸಿಕೊಡುವುದು ಇದೇ ಲೆನ್ಸ್. ಎಲೆಗಳ ನಡುವಿನ ಆಕಾಶದ ಬಿಳಿ ತೂತುಗಳನ್ನು ಫ್ರೇಮ್‌ನಿಂದ ಹೊರಗಿಡಿ, ಕಣ್ಣು ಮೊದಲು ಅಲ್ಲಿಗೇ ಓಡುತ್ತದೆ. ಶಟರ್ ಒತ್ತುವ ಮೊದಲು ನಾಲ್ಕು ಅಂಚುಗಳ ಮೇಲೆ ಒಮ್ಮೆ ಕಣ್ಣಾಡಿಸಿ: ಒಳಗೆ ಇಣುಕುವ ಒಂಟಿ ಟೊಂಗೆ, ಅರ್ಧ ಕತ್ತರಿಸಿದ ಕಾಂಡ ಸಿಗುವುದು ಅಲ್ಲೇ.

ಎತ್ತರದ ಮರಕ್ಕೆ ಕ್ಯಾಮೆರಾ ಮೇಲಕ್ಕೆ ಬಾಗಿಸಿದರೆ ಕಾಂಡಗಳು ಮೇಲೆ ಒಂದರತ್ತ ಒಂದು ವಾಲುತ್ತವೆ. ಹಿಂದೆ ಸರಿದು ಕ್ಯಾಮೆರಾ ಮಟ್ಟವಾಗಿ ಹಿಡಿಯಿರಿ, ಬೇಡವಾದ ನೆಲವನ್ನು ಆಮೇಲೆ ಕತ್ತರಿಸಿ. ತೊಗಟೆಯ ಒರಟು ಕಾಣಬೇಕಾದರೆ ಬೆಳಕು ಪಕ್ಕದಿಂದ ಸವರಿಕೊಂಡು ಬರಬೇಕು. ನಿಮ್ಮ ಬೆನ್ನ ಹಿಂದಿನಿಂದ ನೇರ ಮರಕ್ಕೆ ಬೀಳುವ ಬೆಳಕಿನಲ್ಲಿ ಬಿರುಕುಗಳ ನೆರಳೇ ಕಾಣುವುದಿಲ್ಲ.

ನೀರು ನಯವಾಗಿ ಬರಲಿ ಎಂದು 2 ಸೆಕೆಂಡ್ ಇಟ್ಟರೆ ಎಲೆಗಳು ಕಲಸಿಹೋಗುತ್ತವೆ.

ಟ್ರೈಪಾಡ್ ಅಲುಗಿಸದೆ ಎರಡು ಫೋಟೋ ತೆಗೆಯಿರಿ. ಮೊದಲನೆಯದು ಐಎಸ್‌ಒ 100, 1 ಸೆಕೆಂಡ್, ನೀರಿಗೆ. ಎರಡನೆಯದು ಎಲೆಗೆ: ಅದೇ ಅಪರ್ಚರ್, ಐಎಸ್‌ಒ 3200, 1/30, ಗಾಳಿ ನಿಲ್ಲುವವರೆಗೆ ಕಾದು. ಎರಡರಲ್ಲೂ ಬೆಳಕು ಸಮ ಇರುತ್ತದೆ, ಫೋಕಸ್ ಮತ್ತು ವೈಟ್ ಬ್ಯಾಲೆನ್ಸ್ ಬದಲಿಸಬೇಡಿ. ಎಡಿಟಿಂಗ್‌ನಲ್ಲಿ ಎರಡು ಲೇಯರ್ ಮಾಡಿ, ಎಲೆಯ ಭಾಗವನ್ನು ಮಾತ್ರ ಮಾಸ್ಕ್ ಮಾಡಿ (ಉಳಿದದ್ದನ್ನು ಮರೆಮಾಡಿ) ತನ್ನಿ. ಗಾಳಿ ಜೋರಿದ್ದರೆ 1/30 ಸಾಲದು, 1/250ಕ್ಕೆ ಹೋಗಬೇಕು. ಆಗ ಅಪರ್ಚರ್ ತೆರೆಯಲೇಬೇಕಾಗುತ್ತದೆ.

ಇದೇ ಉಪಾಯ ಬಂಡೆಯ ಮೇಲೆ ಕೂತ ಹಕ್ಕಿಗೂ ಒದಗುತ್ತದೆ. ಹಕ್ಕಿ ಕೂತದ್ದು ಅದೇ ಬಂಡೆ, ಅದೇ ಗಳಿಗೆ ಆಗಿದ್ದರೆ ತಪ್ಪೇನಿಲ್ಲ. ಆದರೆ ಚಿತ್ರ ಹಂಚಿಕೊಳ್ಳುವಾಗ ಎರಡು ಎಕ್ಸ್‌ಪೋಷರ್ ಸೇರಿಸಿದ್ದು ಎಂದು ಬರೆಯಿರಿ. ಬೇರೆಲ್ಲೋ ತೆಗೆದ ಹಕ್ಕಿಯನ್ನು ಇಲ್ಲಿ ತಂದು ಕೂರಿಸುವುದು ನೋಡುವವರಿಗೆ ಮಾಡುವ ಮೋಸ.

ಮಂಜು ಯಾವಾಗ ಸಿಗುತ್ತದೆ? ಸಿಕ್ಕರೆ ಸೆಟ್ಟಿಂಗ್ ಏನು?

ರಾತ್ರಿ ಆಕಾಶ ತಿಳಿಯಾಗಿದ್ದು, ಗಾಳಿ ನಿಂತಿದ್ದು, ಹಿಂದಿನ ದಿನ ನೆಲ ಒದ್ದೆಯಾಗಿದ್ದರೆ ಬೆಳಗಿನ ಜಾವ ನಿರೀಕ್ಷಿಸಬಹುದು. ನೀರು ಗಾಳಿಗಿಂತ ಬೆಚ್ಚಗಿರುವ ಮುಂಜಾವುಗಳಲ್ಲಿ ಹೊಳೆಯಿಂದಲೇ ಆವಿ ಏಳುತ್ತದೆ. ಅದು ಬಿಸಿಲು ತಾಗಿದ ಕೆಲವೇ ಹೊತ್ತಿನಲ್ಲಿ ಕರಗುತ್ತದೆ. ಮೀಟರ್ ಮಂಜನ್ನು ಬೂದು ಮಾಡಿಬಿಡುವುದರಿಂದ +0.7ರಿಂದ +1 ಕೊಡಿ. ಸೂರ್ಯನನ್ನು ಒಂದು ಕಾಂಡದ ಹಿಂದೆ ಮರೆಮಾಡಿ ನಿಂತರೆ ಬೆಳಕಿನ ಕೋಲುಗಳು ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ.

ಪ್ರಾಣಿಯನ್ನು ದೃಶ್ಯದೊಳಗೆ ಚಿಕ್ಕದಾಗಿ ಇಟ್ಟರೆ ಅದು ಕಾಣದೇ ಹೋಗುವುದಿಲ್ಲವೇ?

ಗಾತ್ರಕ್ಕಿಂತ ಹಿನ್ನೆಲೆ ಮುಖ್ಯ. ಬೆರಳ ಉಗುರಿನಷ್ಟು ಚಿಕ್ಕ ಬೆಳ್ಳಕ್ಕಿ ಕಪ್ಪು ನೀರಿನ ಮುಂದೆ ಇದ್ದರೆ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ಅದೇ ಬೆಳ್ಳಕ್ಕಿ ನೊರೆಯ ಮುಂದೆ ನಿಂತರೆ ಫ್ರೇಮ್‌ನ ಕಾಲು ಭಾಗ ತುಂಬಿದರೂ ಕಳೆದುಹೋಗುತ್ತದೆ. ಹಾಗಾಗಿ ಮೊದಲು ದೃಶ್ಯ ಕಟ್ಟಿ, ಪ್ರಾಣಿ ನಿಂತರೆ ಎದ್ದು ಕಾಣುವ ಜಾಗ ಗುರುತಿಸಿ: ತಿಳಿ ನೀರಿನ ಪಟ್ಟಿ, ಎರಡು ಮರಗಳ ನಡುವಿನ ಬೆಳಕು, ದಿಣ್ಣೆಯ ಅಂಚು. ಆಮೇಲೆ ಕಾಯಿರಿ. ಕೊಂಬೆಯ ಮೇಲೆ ಹಿಕ್ಕೆಯ ಬಿಳಿ ಕಲೆಗಳಿದ್ದರೆ ಅಲ್ಲಿ ಹಕ್ಕಿ ಮತ್ತೆ ಮತ್ತೆ ಕೂರುತ್ತದೆ. ದಡದ ಕೆಸರಿನಲ್ಲಿ ಹೊಸ ಹೆಜ್ಜೆ ಗುರುತು ಇದ್ದರೆ ಅದು ನೀರಿಗಿಳಿಯುವ ದಾರಿ.

ಆಕೃತಿ ಒಂದು ನೋಟಕ್ಕೆ ಓದುವಂತಿರಬೇಕು. ನಾಲ್ಕು ಕಾಲುಗಳು ಬಿಡಿಬಿಡಿಯಾಗಿ, ತಲೆ ಪಕ್ಕಕ್ಕೆ ತಿರುಗಿ, ಕೊಕ್ಕು ಮೈಯಿಂದ ಆಚೆ ಚಾಚಿದ ಗಳಿಗೆಯಲ್ಲಿ ಒತ್ತಿ. ಸಿಲೂಯೆಟ್‌ಗಂತೂ ಇದೇ ಪ್ರಾಣ. ಪ್ರಾಣಿ ನೋಡುತ್ತಿರುವ ಕಡೆ ಜಾಗ ಹೆಚ್ಚು ಬಿಡಿ.

ವೇಗ: ನಿಂತ ಕೊಕ್ಕರೆಗೆ ಟ್ರೈಪಾಡ್ ಮೇಲೆ 1/60 ಸಾಕು. ನಡೆಯುವ ಜಿಂಕೆಗೆ 1/500. ಹಾರುವ ದೊಡ್ಡ ಹಕ್ಕಿಗೆ 1/1600, ನೀರಿಗೆ ಧುಮುಕುವ ಮಿಂಚುಳ್ಳಿಗೆ 1/3200. ಮ್ಯಾನ್ಯುಯಲ್ ಮೋಡ್‌ನಲ್ಲಿ ಶಟರ್, ಅಪರ್ಚರ್ ಕಟ್ಟಿಹಾಕಿ ಐಎಸ್‌ಒ ಆಟೋ ಬಿಡುವುದು ಕೈಗೆ ಹಗುರ. ಕಪ್ಪು ಹಿನ್ನೆಲೆಯ ಚಿಕ್ಕ ಬಿಳಿ ಹಕ್ಕಿಗೆ -1 ಕೊಡಿ, ಇಲ್ಲದಿದ್ದರೆ ಗರಿಯ ಬದಲು ಬಿಳಿ ಚುಕ್ಕೆ ಸಿಗುತ್ತದೆ. ಸ್ಟೆಬಿಲೈಸೇಷನ್ ನಿಮ್ಮ ಕೈಯ ನಡುಕ ತಡೆಯುತ್ತದೆ, ಪ್ರಾಣಿಯ ಓಟವನ್ನಲ್ಲ.

ಎಷ್ಟು ಹತ್ತಿರ ಹೋಗಬಹುದು?

ಮೀಟರ್ ಲೆಕ್ಕದಲ್ಲಿ ಹೇಳಲು ಬರುವುದಿಲ್ಲ, ಪ್ರಾಣಿಯೇ ಹೇಳುತ್ತದೆ. ಮೇಯುತ್ತಿದ್ದದ್ದು ತಲೆ ಎತ್ತಿ ನಿಮ್ಮನ್ನೇ ನೋಡತೊಡಗಿದರೆ ಅಲ್ಲೇ ನಿಲ್ಲಿ. ಕಿವಿ ನಿಮಿರಿಸಿತು, ಹಕ್ಕಿ ಕತ್ತು ನೀಳ ಮಾಡಿತು, ಎಚ್ಚರಿಕೆಯ ಕೂಗು ಹಾಕಿತು, ಹಾರಲು ಮೈ ತಗ್ಗಿಸಿತು ಎಂದರೆ ಆಗಲೇ ಹೆಚ್ಚು ಹತ್ತಿರ ಬಂದಿದ್ದೀರಿ. ನಿಧಾನವಾಗಿ ಹಿಂದೆ ಸರಿಯಿರಿ. ದೃಶ್ಯದೊಳಗೆ ಚಿಕ್ಕದಾಗಿ ತೆಗೆಯುವ ದೊಡ್ಡ ಲಾಭವೇ ಇದು, ದೂರವೇ ನಿಮ್ಮ ಪರವಾಗಿರುತ್ತದೆ.

ಗೂಡಿನ ವಿಷಯದಲ್ಲಿ ರಾಜಿ ಬೇಡ. ಅಡ್ಡ ಬಂದ ಒಂದು ಕೊಂಬೆ ಸವರಿದರೆ ಮರಿಗಳ ಮೇಲೆ ಬಿಸಿಲು ನೇರ ಬೀಳುತ್ತದೆ, ಕಾಗೆ ಹದ್ದುಗಳಿಗೆ ಗೂಡು ತೋರಿಸಿಕೊಟ್ಟಂತಾಗುತ್ತದೆ. ನೀವು ಗೂಡಿನ ಹತ್ತಿರ ನಿಂತಷ್ಟು ಹೊತ್ತು ತಾಯಿ ಹಕ್ಕಿ ದೂರವೇ ಉಳಿಯುತ್ತದೆ, ಮೊಟ್ಟೆ ತಣ್ಣಗಾಗುತ್ತದೆ. ರೆಕಾರ್ಡ್ ಮಾಡಿದ ಕೂಗು ಹಾಕಿ ಕರೆಯುವುದು, ಆಹಾರ ಚೆಲ್ಲಿ ಸೆಳೆಯುವುದು, ಕಲ್ಲೆಸೆದು ಹಾರಿಸುವುದು ಯಾವುದೂ ಬೇಡ. ಅಪರೂಪದ ಜೀವಿಯ ಫೋಟೋ ಹಾಕುವ ಮೊದಲು ಜಿಪಿಎಸ್ ಮಾಹಿತಿ ಅಳಿಸಿ.

400 ಎಂಎಂನಲ್ಲಿ 1/2000 ಇಟ್ಟರೂ ದೂರದ ಪ್ರಾಣಿ ಮಸುಕಾಗುತ್ತದೆ. ಲೆನ್ಸ್ ಕೆಟ್ಟಿದೆಯೇ?

ಹೆಚ್ಚಿನ ಸಲ ಲೆನ್ಸ್ ಸರಿಯಾಗಿಯೇ ಇರುತ್ತದೆ, ನಡುವಿನ ಗಾಳಿ ಕುದಿಯುತ್ತಿರುತ್ತದೆ. ಬಿಸಿಲಿಗೆ ಕಾದ ಮರಳು, ಬಂಡೆಯ ಮೇಲಿನ ಬಿಸಿಗಾಳಿ ತಣ್ಣನೆಯ ಗಾಳಿಯೊಂದಿಗೆ ಬೆರೆಯುವಾಗ ಬೆಳಕು ಅಡ್ಡಾದಿಡ್ಡಿ ಬಾಗುತ್ತದೆ. ಹತ್ತು ಫೋಟೋ ತೆಗೆದು ಹೋಲಿಸಿ: ಅಂಚುಗಳು ಒಂದೊಂದರಲ್ಲಿ ಒಂದೊಂದು ರೀತಿ ಅಲೆಯಾಗಿದ್ದರೆ ಇದೇ ಕಾರಣ. ಬೆಳಗ್ಗೆ ಬನ್ನಿ, ಇಲ್ಲವೇ ನೆರಳಿನ ಹಾದಿಯಲ್ಲಿ ನೋಡುವ ಕೋನ ಹುಡುಕಿ. ಗಾಡಿಯ ಕಿಟಕಿಯಿಂದ ತೆಗೆಯುವಾಗ ಎಂಜಿನ್ ಬಿಸಿಯೂ, ಬೆಚ್ಚಗಿರುವ ಲೆನ್ಸ್ ಹುಡ್‌ನೊಳಗಿನ ಗಾಳಿಯೂ ಇದೇ ತೊಂದರೆ ಕೊಡುತ್ತದೆ. ಹುಡ್ ಬಿಚ್ಚಿ ಲೆನ್ಸ್ ಹೊರಗಿನ ತಂಪಿಗೆ ಬರುವವರೆಗೆ ಬಿಡಿ.

ನೀರಿನೊಳಗೆ ಟ್ರೈಪಾಡ್ ಇಡುವುದು ಹೇಗೆ?

ಪ್ರತಿ ಕಾಲನ್ನೂ ಮರಳು, ಜಲ್ಲಿ ದಾಟಿ ಗಟ್ಟಿ ತಳ ಸಿಗುವವರೆಗೆ ಒತ್ತಿ. ಒಂದು ಕಾಲು ಹರಿವಿಗೆ ಎದುರಾಗಿರಲಿ. ನಡುವಿನ ಕಂಬ ಎತ್ತಬೇಡಿ. ಹರಿವು ಜೋರಿದ್ದರೆ ನೀರು ತಾಗುವ ಭಾಗದಲ್ಲಿ ದಪ್ಪ ಕೊಳವೆಯೇ ಇರುವಂತೆ, ತೆಳು ಕೊಳವೆಗಳನ್ನು ಒಳಗೆ ಸೇರಿಸಿಡಿ. ಕ್ಯಾಮೆರಾ ಪಟ್ಟಿ ಗಾಳಿಗೆ ಹೊಯ್ದಾಡಿದರೂ ಫೋಟೋ ಅಲುಗುತ್ತದೆ, ಬಿಚ್ಚಿ. 2 ಸೆಕೆಂಡ್ ಟೈಮರ್ ಹಾಕಿ. ಮನೆಗೆ ಬಂದು ಕಾಲುಗಳನ್ನು ಪೂರ್ತಿ ಬಿಚ್ಚಿ ಒಣಗಿಸದಿದ್ದರೆ ಮರಳು ಸೇರಿ ಬೀಗಗಳು ಕಚ್ಚಿಕೊಳ್ಳುತ್ತವೆ.

ನೀರಿಗಿಳಿಯುವಾಗ ಬೆನ್ನಚೀಲದ ಸೊಂಟದ ಬೆಲ್ಟ್ ಬಿಚ್ಚಿಡಿ; ಜಾರಿದರೆ ಚೀಲ ಕಳಚಿ ಬರಬೇಕು. ತಿಳಿಯಾಗಿದ್ದ ನೀರು ಕೆಂಪಾಯಿತು, ಕಸಕಡ್ಡಿ ತೇಲಿ ಬರತೊಡಗಿತು, ಸದ್ದು ಬದಲಾಯಿತು ಎಂದರೆ ಮೇಲೆಲ್ಲೋ ಮಳೆಯಾಗಿದೆ. ಆ ಕ್ಷಣವೇ ದಡ ಹತ್ತಿ, ಟ್ರೈಪಾಡ್ ಹೋದರೆ ಹೋಗಲಿ. ಅಣೆಕಟ್ಟಿನ ಕೆಳಗಿನ ಹೊಳೆಯಲ್ಲಿ ಈ ಸೂಚನೆಯೂ ಇಲ್ಲದೆ ನೀರು ಏರಬಹುದು.

ಫೋನ್‌ನಲ್ಲಿ ಇದೆಲ್ಲ ಸಾಧ್ಯವೇ?

ಸಾಕಷ್ಟು ಸಾಧ್ಯ. ಪರದೆಯನ್ನು ಒತ್ತಿ ಹಿಡಿದು ಫೋಕಸ್, ಎಕ್ಸ್‌ಪೋಷರ್ ಲಾಕ್ ಮಾಡಿ, ಬೆರಳು ಕೆಳಗೆ ಜಾರಿಸಿ ನೊರೆಯಲ್ಲಿ ವಿವರ ಬರುವವರೆಗೆ ಬೆಳಕು ಇಳಿಸಿ. ಐಫೋನ್‌ನಲ್ಲಿ ಲೈವ್ ಫೋಟೋ ತೆಗೆದು ಆಮೇಲೆ ಲಾಂಗ್ ಎಕ್ಸ್‌ಪೋಷರ್ ಆರಿಸಿದರೆ ನೀರು ನಯವಾಗುತ್ತದೆ. ಫೋನನ್ನು ಕಲ್ಲಿಗೆ ಒರಗಿಸಿ ಇಡಿ. ದೂರದ ಪ್ರಾಣಿಯನ್ನು ಡಿಜಿಟಲ್ ಜೂಮ್ ಮಾಡಿ ಎಳೆಯಬೇಡಿ. ಅದನ್ನು ದೃಶ್ಯದ ಒಂದು ಚುಕ್ಕೆಯಾಗಿ ಇಡುವ ಫೋಟೋಗೆ ಫೋನ್ ಸಾಕಷ್ಟು ಒಳ್ಳೆಯದು.

ಎಡಿಟ್ ಮಾಡಿದ ಮೇಲೆ ಹಸಿರು ಪ್ಲಾಸ್ಟಿಕ್‌ನಂತೆ ಕಾಣುತ್ತದೆ.

ಸ್ಯಾಚುರೇಷನ್ (ಬಣ್ಣದ ಗಾಢತೆ) ಏರಿಸಿದ್ದೇ ಕಾರಣ. ಹಸಿರಿನ ಸ್ಯಾಚುರೇಷನ್ ಸ್ವಲ್ಪ ಇಳಿಸಿ, ಹ್ಯೂ, ಅಂದರೆ ಬಣ್ಣದ ಛಾಯೆಯನ್ನು ಹಳದಿಯತ್ತ ತುಸು ಸರಿಸಿ. ನಿಜದ ಎಲೆಯಲ್ಲಿ ಹಳದಿ ಅಂಶ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು. ನೆರಳಿನ ನೀರು ಆಕಾಶದ ನೀಲಿ ಹೊತ್ತಿರುತ್ತದೆ. ಅದನ್ನು ಪೂರ್ತಿ ತೆಗೆದರೆ ತಂಪೂ ಹೋಗುತ್ತದೆ. ಶಾರ್ಪನಿಂಗ್ ಅನ್ನು ತೊಗಟೆ, ಗರಿ, ಕಲ್ಲಿಗೆ ಮಾತ್ರ ಹಾಕಿ. ನಯವಾದ ನೀರಿಗೆ ಹಾಕಿದರೆ ಮರಳು ಚೆಲ್ಲಿದಂತೆ ನಾಯ್ಸ್ ಏಳುತ್ತದೆ.

ಜಲಪಾತದ ತುಂತುರು, ತೇವ, ಫಂಗಸ್ ಇವುಗಳಿಂದ ಲೆನ್ಸ್ ಕಾಪಾಡುವುದು ಹೇಗೆ?

ತುಂತುರಿನಲ್ಲಿ ಲೆನ್ಸ್ ಮುಖ ಕೆಳಗೆ ಮಾಡಿ ಹಿಡಿದಿರಿ, ತೆಗೆಯುವಾಗ ಮಾತ್ರ ಎತ್ತಿ. ಎರಡು ಮೈಕ್ರೋಫೈಬರ್ ಬಟ್ಟೆ ಇರಲಿ: ಒಂದು ನೀರು ಹೀರಲು, ಇನ್ನೊಂದು ಒಣಗಿದ್ದು ಒರೆಸಲು. ಪ್ರತಿ ಮೂರ್ನಾಲ್ಕು ಫೋಟೋಗೆ ಒಂದನ್ನು ಝೂಮ್ ಮಾಡಿ ನೋಡಿ. ಅಂಚಿನ ಒಂದು ಹನಿ ಇಡೀ ಸರಣಿಯನ್ನೇ ಹಾಳು ಮಾಡಿರುತ್ತದೆ.

ತಣ್ಣನೆಯ ಕೋಣೆಯಿಂದ ಬಿಸಿ ತೇವದ ಗಾಳಿಗೆ ಬಂದ ಕೂಡಲೇ ಚೀಲ ತೆರೆದರೆ ಗಾಜಿನ ಮೇಲೆ ಹಬೆ ಕೂರುತ್ತದೆ. ಚೀಲ ಮುಚ್ಚಿಟ್ಟು 20ರಿಂದ 30 ನಿಮಿಷ ಬಿಡಿ. ಫಂಗಸ್ ಬೆಳೆಯುವುದು ತೇವ, ಕತ್ತಲೆ, ಬಳಕೆಯಿಲ್ಲದೆ ಬಿದ್ದಿರುವುದು ಮೂರೂ ಕೂಡಿದಾಗ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಗೂ ಒಂದು ಸಣ್ಣ ತೇವಮಾಪಕ ಹಾಕಿ ಶೇ 40ರಿಂದ 50ರಲ್ಲಿಡಿ. ಅದಕ್ಕಿಂತ ತೀರ ಒಣಗಿಸುವುದೂ ಬೇಡ. ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸಬಹುದು. ಲೆನ್ಸ್ ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಕೂರಿಸಬೇಡಿ.

ಕ್ಯಾಮೆರಾ ನೀರಿಗೆ ಬಿತ್ತು. ತಕ್ಷಣ ಏನು ಮಾಡಬೇಕು?

ಆನ್ ಆಗುತ್ತದೆಯೇ ಎಂದು ನೋಡಬೇಡಿ. ಹಲವು ಕ್ಯಾಮೆರಾಗಳು ಸಾಯುವುದು ಆ ಒಂದು ಒತ್ತುವಿಕೆಯಲ್ಲಿ. ಬ್ಯಾಟರಿ ತೆಗೆಯಿರಿ, ಕಾರ್ಡ್ ತೆಗೆಯಿರಿ, ಲೆನ್ಸ್ ಬಿಚ್ಚಿ, ಎಲ್ಲ ಮುಚ್ಚಳ ತೆರೆದು ನೀರು ಇಳಿಯುವಂತೆ ಬೋರಲಾಗಿಸಿ. ಉಪ್ಪುನೀರಾದರೆ ಹೊರಮೈಯನ್ನು ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಹೇರ್ ಡ್ರೈಯರ್ ಬಿಸಿ ಗಾಳಿ ನೀರನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. ಅಕ್ಕಿಯಲ್ಲಿ ಹೂತಿಟ್ಟರೆ ಹಿಟ್ಟಿನ ಧೂಳು ಒಳಗೆ ಸೇರುತ್ತದೆ. ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಹಾಕಿ, ಆದಷ್ಟು ಬೇಗ ರಿಪೇರಿಯವರ ಕೈಗೆ ಕೊಡಿ, ಬಿದ್ದದ್ದು ಉಪ್ಪುನೀರೋ ಸಿಹಿನೀರೋ ಎಂದು ಮರೆಯದೆ ತಿಳಿಸಿ. ಕಾರ್ಡ್ ಒಣಗಿದ ಮೇಲೆ ಫೋಟೋಗಳು ಸಾಮಾನ್ಯವಾಗಿ ಹಾಗೇ ಸಿಗುತ್ತವೆ.